‘ಇನ್ನೂ ಅಲ್ಲೇ ತಗೊಳ್ತೀರಾ?’

ತಕ್ಕಮಟ್ಟಿಗೆ ಸಂಬಳ ಬರುತ್ತಿರುವಾಗಲೂ ನಾನೇಕೆ ಪೇಟೆಬೀದಿಯ ಅಗ್ಗದ ಬಟ್ಟೆಯಂಗಡಿಗಳಲ್ಲೇ ಬಟ್ಟೆ ಕೊಳ್ಳುತ್ತೇನೆ ಎಂಬುದು ಪ್ರಶ್ನೆ. ಹಲವು ವರ್ಷಗಳಿಂದ ಇದಕ್ಕೆ ನಗುತ್ತ, ಮಾತು ಬದಲಿಸುತ್ತ, ‘ದಾರಿಯಲ್ಲೇ ಇದೆ, ಅದಕ್ಕೆ’ ಎಂಬಂಥ ಸಣ್ಣ ಸುಳ್ಳುಗಳನ್ನು ಹೇಳುತ್ತ ಬಂದಿದ್ದೇನೆ. ಇನ್ನು ಬಾಯಿ ನೋಯಿಸಿಕೊಳ್ಳುವ ಮನಸ್ಸಿಲ್ಲ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಓದಲು ಕಳಿಸುತ್ತೇನೆ. ಚಿಕ್ಕ ಉತ್ತರ ಬೇಕಾದವರಿಗೆ ಹೇಳುವುದಾದರೆ, ಹುಡುಕಲು ಬಂದವರಿಗೆ ಅಲ್ಲಿ ಒಳ್ಳೆಯ ಬಟ್ಟೆ ಸಿಗುತ್ತದೆ. ಅಷ್ಟಕ್ಕೆ ತೃಪ್ತರಾಗುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಅಷ್ಟಕ್ಕೆ ತೃಪ್ತರಾಗುವವರು ಈ ಪ್ರಶ್ನೆಯನ್ನು ಎರಡನೆಯ ಸಲ ಕೇಳುವುದೇ ಇಲ್ಲ.

ಪ್ರಶ್ನೆಗಿಂತ ಹೆಚ್ಚಾಗಿ ನನ್ನನ್ನು ಚುಚ್ಚುವುದು ಅದರೊಳಗೆ ಕುಳಿತಿರುವ ‘ಇನ್ನೂ’ ಎಂಬ ಎರಡಕ್ಷರ. ‘ಅಲ್ಲಿ ತಗೊಳ್ತೀರಾ?’ ಎಂದು ಕೇಳಿದರೆ ಅದು ವಿಚಾರಣೆ, ಹೌದೆಂದು ಹೇಳಿ ಮುಂದೆ ಹೋಗಬಹುದು. ‘ಇನ್ನೂ ಅಲ್ಲೇ ತಗೊಳ್ತೀರಾ?’ ಎಂದಾಗ ತೀರ್ಪು ಆಗಲೇ ಬಂದಿರುತ್ತದೆ, ನನ್ನ ಸಹಿಯೊಂದೇ ಬಾಕಿ. ಬೆರಳು ಚೀಪುವುದನ್ನು ಇನ್ನೂ ಬಿಟ್ಟಿಲ್ಲವೇ ಎಂದು ಮಗುವನ್ನು ಕೇಳುವ ದನಿ ಅದು. ಓದುವ ಕಾಲದಲ್ಲಿ ಆ ಅಂಗಡಿಗೆ ಹೋಗಬಹುದು, ಮೊದಲ ಕೆಲಸ ಸಿಕ್ಕ ಹೊಸದರಲ್ಲೂ ಹೋಗಬಹುದು, ಆಮೇಲೂ ಹೋಗುತ್ತಿದ್ದರೆ ಅಂಥವರು ಮೊದಲ ಮೆಟ್ಟಿಲಿನಲ್ಲೇ ಕುಳಿತುಬಿಟ್ಟವರು ಎಂಬ ಲೆಕ್ಕಾಚಾರ ಆ ಎರಡಕ್ಷರದಲ್ಲಿದೆ. ಮೂರು ಮಕ್ಕಳನ್ನು ಕರೆತಂದು, ಮೂರಕ್ಕೂ ಒಂದೊಂದು ಅಳತೆ ದೊಡ್ಡದನ್ನೇ ಆರಿಸಿ, ಬಿಲ್ಲಿಂಗ್ ಕೌಂಟರಿಗೆ ಹೋಗುವ ಮುನ್ನ ಒಂದನ್ನು ಮರಳಿ ಹ್ಯಾಂಗರಿಗೆ ತೂಗುಹಾಕುವ ತಾಯಂದಿರನ್ನು ನಾನು ಆ ಅಂಗಡಿಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ‘ಇನ್ನೂ’ ಎನ್ನುವವರು ಅವರ ಮುಂದೆ ಆ ಮಾತನ್ನು ಆಡಲಾರರು. ನನ್ನ ಮುಂದೆ ಆಡಬಲ್ಲರು, ಏಕೆಂದರೆ ನನಗೆ ಬೇರೆ ದಾರಿ ಇದೆ ಎಂಬುದು ಅವರಿಗೆ ಗೊತ್ತು. ಅಷ್ಟರ ಮಟ್ಟಿಗೆ ಪ್ರಶ್ನೆ ನ್ಯಾಯವಾದದ್ದೇ ಎಂದು ಒಪ್ಪಿಕೊಳ್ಳುತ್ತೇನೆ, ಸ್ವಲ್ಪ ಹಲ್ಲು ಕಚ್ಚಿಕೊಂಡು.

ಕಚೇರಿಯಲ್ಲಿ ಒಬ್ಬರ ಬೀಳ್ಕೊಡುಗೆಯ ದಿನ ನಡೆದದ್ದನ್ನು ಹೇಳಿಬಿಡುತ್ತೇನೆ, ಏಕೆಂದರೆ ಈ ಬರಹವೆಲ್ಲ ಆ ಸಂಜೆಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ. ಅಂದು ನಾನು ಕಡುನೀಲಿ ಹತ್ತಿಯ ತುಂಬುತೋಳಿನ ಅಂಗಿ ತೊಟ್ಟಿದ್ದೆ. ನನಗಿಂತ ಹಿರಿಯರಾದ ಸಹೋದ್ಯೋಗಿಯೊಬ್ಬರು ಹತ್ತಿರ ಬಂದು, ತೋಳಿನ ಬಟ್ಟೆಯನ್ನು ಎರಡು ಬೆರಳಿನ ನಡುವೆ ಹಿಡಿದು, ‘ಎಷ್ಟು ಚೆನ್ನಾಗಿದೆ! ಎಲ್ಲಿ ತಗೊಂಡ್ರಿ?’ ಎಂದರು. ನಾನು ಅಂಗಡಿಯ ಹೆಸರು ಹೇಳಿದೆ. ಬೆರಳುಗಳು ಬಟ್ಟೆಯನ್ನು ಬಿಟ್ಟವು. ಒಂದು ಕ್ಷಣದ ಹಿಂದೆ ಚೆನ್ನಾಗಿದ್ದ ಬಟ್ಟೆಗೆ ಆ ಕ್ಷಣದಲ್ಲಿ ಆದದ್ದೇನು ಎಂದು ನನಗೆ ಇಂದಿಗೂ ತಿಳಿದಿಲ್ಲ; ನೂಲು ಅದೇ ಇತ್ತು, ಬಣ್ಣವೂ ಅದೇ ಇತ್ತು. ‘ಓ… ಇನ್ನೂ ಅಲ್ಲೇ ತಗೊಳ್ತೀರಾ?’ ಎಂದವರೇ, ಅಗ್ಗದ ಬಟ್ಟೆಯ ಹಿಂದಿರುವ ಶೋಷಣೆಯನ್ನು ಕುರಿತು ಕೈಯಲ್ಲಿದ್ದ ಲೋಟದ ಪಾನೀಯ ಮುಗಿಯುವವರೆಗೆ ಮಾತಾಡಿದರು. ಬಾಂಗ್ಲಾದೇಶದಲ್ಲಿ ಒಂದು ಕಟ್ಟಡ ಬಿದ್ದಿತ್ತಲ್ಲ, ಅದು ಇಂಥ ಬಟ್ಟೆಗಾಗಿಯೇ ಅಲ್ಲವೇ ಎಂದರು. ನಾನು ಹೌದು ಹೌದು ಎಂದು ತಲೆಯಾಡಿಸಿದೆ. ಆ ತಲೆಯಾಡಿಸಿದ್ದಕ್ಕೆ ನನ್ನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಆ ಕಟ್ಟಡ ಢಾಕಾ ಸಮೀಪದ ಸಾವರ್‌ನಲ್ಲಿದ್ದ ರಾನಾ ಪ್ಲಾಜಾ. 2013ರ ಏಪ್ರಿಲ್ 23ರಂದು ಗೋಡೆಗಳಲ್ಲಿ ಬಿರುಕು ಕಂಡಿತು. ಕೆಳಗಿನ ಮಹಡಿಗಳಲ್ಲಿದ್ದ ಅಂಗಡಿಗಳೂ ಬ್ಯಾಂಕೂ ಬಾಗಿಲು ಮುಚ್ಚಿದವು, ಮೇಲಿನ ಮಹಡಿಗಳ ಗಾರ್ಮೆಂಟ್ಸ್ ಕೆಲಸಗಾರರನ್ನು ಮಾತ್ರ ಮರುದಿನ ಬೆಳಿಗ್ಗೆ ಒಳಗೆ ಕರೆಸಿಕೊಂಡರು. ಕಟ್ಟಡ ಕುಸಿದು 1,134 ಮಂದಿ ಸತ್ತರು. ನನ್ನ ಸಹೋದ್ಯೋಗಿ ಹೇಳದೆ ಬಿಟ್ಟದ್ದು, ಬಹುಶಃ ತಿಳಿಯದೆ ಬಿಟ್ಟದ್ದು, ಮುಂದಿನ ಭಾಗ. ಆ ಕಟ್ಟಡದಲ್ಲಿ ಅಗ್ಗಕ್ಕೇ ಹೆಸರಾದ ಪ್ರೈಮಾರ್ಕ್‌ನ ಬಟ್ಟೆ ಹೊಲಿಯುತ್ತಿದ್ದರು, ಅಗ್ಗದ ಅಂಗಡಿಯೆಂದು ಯಾರೂ ಕರೆಯದ ಬೆನೆಟನ್‌ನ ಬಟ್ಟೆಯನ್ನೂ ಹೊಲಿಯುತ್ತಿದ್ದರು. ಪ್ರೈಮಾರ್ಕ್ ತನ್ನ ನಂಟನ್ನು ಬೇಗನೆ ಒಪ್ಪಿಕೊಂಡು ಪರಿಹಾರಕ್ಕೆ ಮುಂದಾಯಿತು. ಬೆನೆಟನ್ ಮೊದಲು ಅಲ್ಲಗಳೆದು, ಪರಿಹಾರ ನಿಧಿಗೆ ಹಣ ಕಟ್ಟಿದ್ದು 2015ರಲ್ಲಿ, ಅದೂ ಸಾಕಷ್ಟು ಒತ್ತಡ ಬಿದ್ದ ಮೇಲೆ. ಹೀಗಿರುವಾಗ, ಹೆಚ್ಚು ಬೆಲೆ ತೆತ್ತವರ ಕೈ ತೊಳೆದಷ್ಟು ಶುಭ್ರ ಎಂಬುದನ್ನು ನಾನು ಒಪ್ಪುವುದು ಹೇಗೆ? ಬೆಲೆ ಏರಿದಂತೆ ಪುಣ್ಯವೂ ಏರುವುದಾದರೆ ಬರ್ಬೆರಿಯಂಥ ದುಬಾರಿ ಉಡುಪಿನ ಸಂಸ್ಥೆ ಮಾರಾಟವಾಗದೆ ಉಳಿದ ತನ್ನ ಸರಕನ್ನು ಒಂದೇ ವರ್ಷದಲ್ಲಿ 2.8 ಕೋಟಿ ಪೌಂಡಿಗೂ ಮಿಗಿಲಾದಷ್ಟು ನಾಶಮಾಡುತ್ತಿರಲಿಲ್ಲ. ಅದನ್ನು ಅದು ತನ್ನ ವಾರ್ಷಿಕ ವರದಿಯಲ್ಲೇ ಬರೆದುಕೊಂಡಿತ್ತು, ಗದ್ದಲವಾದ ಮೇಲೆ 2018ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟಿತು. ನಾನು ಕೊಳ್ಳುವ ಅಂಗಡಿಗಳಲ್ಲಿ ಉಳಿದ ಸರಕನ್ನು ಅರ್ಧ ಬೆಲೆಗೆ, ಅದಕ್ಕೂ ಹೋಗದಿದ್ದರೆ ಕಾಲು ಬೆಲೆಗೆ ರಾಶಿ ಹಾಕುತ್ತಾರೆ. ರಾಶಿಯಲ್ಲಿ ಕೆದಕುವುದು ನೋಡುವವರ ಕಣ್ಣಿಗೆ ಚೆನ್ನಾಗಿರುವುದಿಲ್ಲ, ಅದು ಬೇರೆ ವಿಷಯ.

ಇದನ್ನೆಲ್ಲ ಬರೆದು ನಾನು ಗೆದ್ದೆನೆಂದುಕೊಳ್ಳುವಂತಿಲ್ಲ. ಕಡಿಮೆ ಬೆಲೆ ಆಕಾಶದಿಂದ ಇಳಿದು ಬರುವುದಿಲ್ಲ. ಒಂದು ಭಾಗ ಜಾಹೀರಾತಿಗೆ ದುಡ್ಡು ಸುರಿಯದಿರುವುದರಿಂದ, ಇನ್ನೊಂದು ಭಾಗ ಒಂದೇ ವಿನ್ಯಾಸವನ್ನು ಲಕ್ಷಗಟ್ಟಲೆ ಹೊಲಿಸುವುದರಿಂದ ಬರುತ್ತದೆ. ಉಳಿದ ಭಾಗ ಕಾರ್ಖಾನೆಯವನನ್ನು ಹಿಂಡುವುದರಿಂದ, ಕಾರ್ಖಾನೆಯವನು ಹೊಲಿಗೆಯವಳನ್ನು ಹಿಂಡುವುದರಿಂದ ಬರುತ್ತದೆ. ಬಾಂಗ್ಲಾದೇಶದಲ್ಲಿ ಈ ಕೆಲಸಗಾರರ ಕನಿಷ್ಠ ಸಂಬಳ 2013ರ ಕೊನೆಯಲ್ಲಿ ತಿಂಗಳಿಗೆ 5,300 ಟಾಕಾ ಆಯಿತು, ಹತ್ತು ವರ್ಷದ ಮೇಲೆ 12,500 ಆಯಿತು. 2023ರಲ್ಲಿ ಅವರು ಬೀದಿಗಿಳಿದು ಕೇಳಿದ್ದು 23,000. ಸಿಕ್ಕ ಅಷ್ಟನ್ನೂ ಅವರೇ ಹೋರಾಡಿ ಪಡೆದರು. ಅದರಲ್ಲಿ ನನ್ನ ನೀಲಿ ಅಂಗಿಯ ಪಾಲಿಲ್ಲ, ಸಹೋದ್ಯೋಗಿಯ ದುಬಾರಿ ಅಂಗಿಯ ಪಾಲೂ ಇಲ್ಲ. ಅಂಗಿಯ ಕೊರಳಪಟ್ಟಿಯ ಚೀಟಿಯಲ್ಲಿ ದೇಶದ ಹೆಸರಿರುತ್ತದೆ, ನೂಲಿನ ಪ್ರಮಾಣವಿರುತ್ತದೆ, ಒಗೆಯುವ ನೀರಿನ ಬಿಸಿ ಎಷ್ಟಿರಬೇಕೆಂದೂ ಇರುತ್ತದೆ. ಹೊಲಿದವಳಿಗೆ ಎಷ್ಟು ಸಿಕ್ಕಿತೆಂಬುದು ಮಾತ್ರ ಇರುವುದಿಲ್ಲ, ಎರಡೂ ಬಗೆಯ ಅಂಗಡಿಯಲ್ಲೂ ಇರುವುದಿಲ್ಲ.

ನಿಜ ಹೇಳಬೇಕೆಂದರೆ, ಎಲ್ಲಿ ಕೊಂಡೆ ಎಂದು ಕೇಳುವ ಬದಲು ಯಾರಾದರೂ ಏನನ್ನು ಬಿಟ್ಟು ಬಂದೆ ಎಂದು ಕೇಳಲಿ ಎಂದು ನಾನು ಬಹಳ ಕಾಲದಿಂದ ಕಾದಿದ್ದೇನೆ. ಅಗ್ಗದ ಅಂಗಡಿಯಲ್ಲಿ ಬೇಕಾದ ಜಾಣತನವೆಲ್ಲ ಬಿಡುವುದರಲ್ಲಿದೆ. ಹೊಲಿಗೆ ಯಂತ್ರದ ಮೇಲೆ ಮೂವತ್ತು ವರ್ಷ ಕಳೆದ ನನ್ನ ಚಿಕ್ಕಮ್ಮ, ‘ಬಟ್ಟೆಯ ಮುಖ ನೋಡಬೇಡ, ಹೊಟ್ಟೆ ನೋಡು’ ಎನ್ನುತ್ತಿದ್ದಳು. ಹಾಗಾಗಿ ನಾನು ಅಂಗಡಿಯಲ್ಲಿ ಮೊದಲು ಮಾಡುವ ಕೆಲಸ ಅಂಗಿಯನ್ನು ಒಳಮೈ ಹೊರಗೆ ಮಾಡುವುದು. ಅಂಗಡಿಯ ಹುಡುಗರು ಒಂದು ಥರ ನೋಡುತ್ತಾರೆ, ನೋಡಲಿ. ಸಿದ್ಧ ಉಡುಪಿನ ಖರ್ಚಿನಲ್ಲಿ ದೊಡ್ಡ ಪಾಲು ಬಟ್ಟೆಯದೇ ಆದುದರಿಂದ ಉಳಿತಾಯವೂ ಅಲ್ಲಿಯೇ ನಡೆಯುತ್ತದೆ: ನೂರಾರು ಪದರಗಳನ್ನು ಒಂದರ ಮೇಲೊಂದು ಹಾಸಿ ಒಟ್ಟಿಗೆ ಕತ್ತರಿಸುವಾಗ ತೋಳು, ಬೆನ್ನು, ಕಾಲರ್‌ಗಳ ಆಕಾರಗಳನ್ನು ಸಂದಿಲ್ಲದಂತೆ ಜೋಡಿಸುತ್ತಾರೆ, ಹೊಲಿಗೆಯ ಪಕ್ಕದಲ್ಲಿ ಬಿಡಬೇಕಾದ ಮಾರ್ಜಿನ್ನನ್ನು ಎಳೆ ಎಳೆಯಾಗಿ ಕಡಿಮೆ ಮಾಡುತ್ತಾರೆ. ಕಂಕುಳ ಬಳಿ ಆ ಮಾರ್ಜಿನ್ ಬೆರಳಿಗೆ ಸಿಗದಷ್ಟು ಕಿರಿದಾಗಿದ್ದರೆ, ಎಳೆ ಬಿಚ್ಚದಂತೆ ಸುತ್ತುವ ಓವರ್‌ಲಾಕ್ ನೂಲು ಬಟ್ಟೆಯ ಅಂಚನ್ನು ಅರೆಬರೆ ಹಿಡಿದಿದ್ದರೆ, ನಾನು ಅದನ್ನು ಬಿಡುತ್ತೇನೆ. ಎರಡು ಕೈಯಿಂದ ಹೊಲಿಗೆಯನ್ನು ಅಡ್ಡಲಾಗಿ ಎಳೆದಾಗ ನಡುವೆ ಏಣಿಯಂತೆ ನೂಲು ಕಂಡರೆ ಅದನ್ನೂ ಬಿಡುತ್ತೇನೆ.

ಚೌಕಳಿಯ ಅಂಗಿಯನ್ನು ಈ ಅಂಗಡಿಗಳಲ್ಲಿ ನಾನು ಮುಟ್ಟುವುದೇ ಇಲ್ಲ. ಜೇಬಿನ ಗೆರೆ ಎದೆಯ ಗೆರೆಗೆ ಕೂಡಬೇಕಾದರೆ ಬಟ್ಟೆ ವ್ಯರ್ಥವಾಗುತ್ತದೆ, ಕತ್ತರಿಸುವವರ ಸಮಯವೂ ಹೋಗುತ್ತದೆ. ಅಗ್ಗದ ಅಂಗಿಗೆ ಅವೆರಡನ್ನೂ ಕೊಡುವಂತಿಲ್ಲವಾದ್ದರಿಂದ ಚೌಕಳಿಯೇ ಅದರ ಗುಟ್ಟು ಬಿಟ್ಟುಕೊಡುತ್ತದೆ. ಒಂದೇ ಬಣ್ಣದ ಸಾದಾ ಬಟ್ಟೆಯಲ್ಲಿ ಕೂಡಿಸಬೇಕಾದ ಗೆರೆಯೇ ಇಲ್ಲ. ಟೀ ಶರ್ಟಾದರೆ ಎರಡು ಪಕ್ಕದ ಹೊಲಿಗೆಗಳನ್ನು ಹಿಡಿದು ಮಡಚುತ್ತೇನೆ. ಹೆಣಿಗೆಯ ಬಟ್ಟೆಯ ಬಿಗುವನ್ನು ಸರಿಯಾಗಿ ಇಳಿಸದೆ ಕತ್ತರಿಸಿದ್ದರೆ ಒಗೆದ ಮೇಲೆ ಪಕ್ಕದ ಹೊಲಿಗೆ ಬಳ್ಳಿಯಂತೆ ಹೊಟ್ಟೆಯ ಕಡೆಗೆ ಹೊರಳುತ್ತದೆ, ಅದರ ಸುಳಿವು ಅಂಗಡಿಯಲ್ಲೇ ಸಿಗುತ್ತದೆ. ಕಡುಬಣ್ಣದ್ದಾದರೆ ಒದ್ದೆ ಕರವಸ್ತ್ರವನ್ನು ಒಳಗಿನ ಮಡಿಕೆಗೆ ಉಜ್ಜಿ ನೋಡುತ್ತೇನೆ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತದ್ದಾದರೆ ಬಹುತೇಕ ಬಿಡುತ್ತೇನೆ, ಅದೂ ಮೃದುವಾಗಿದ್ದರೆ ಖಂಡಿತ ಬಿಡುತ್ತೇನೆ: ಶುದ್ಧ ಹತ್ತಿಯ ಮೇಲೆ ಏಳುವ ನೂಲಿನ ಉಂಡೆಗಳು ಸವೆದು ಉದುರಿಹೋಗುತ್ತವೆ, ಬೆರಕೆಯಲ್ಲಿ ಗಟ್ಟಿಯಾದ ಪಾಲಿಯೆಸ್ಟರ್ ಎಳೆ ಆ ಉಂಡೆಗಳನ್ನು ಕಟ್ಟಿಹಾಕಿಕೊಂಡು ಉದುರಲು ಬಿಡುವುದಿಲ್ಲ. ಅಂಗಡಿಯಲ್ಲಿ ಕೈಗೆ ರೇಷ್ಮೆಯಂತೆ ಅನ್ನಿಸಿದ್ದು ಎರಡು ತಿಂಗಳಲ್ಲಿ ಹಳೆಯ ಕಂಬಳಿಯಾಗುವುದು ಹೀಗೆ. ಪಾಲಿಯೆಸ್ಟರ್ ಕಂಡರೆ ಓಡುತ್ತೇನೆಂದಲ್ಲ. ಇಂದು ಜಗತ್ತಿನಲ್ಲಿ ತಯಾರಾಗುವ ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ, ಮತ್ತು ಮಳೆಗೆ ತೊಡುವ ಜಾಕೆಟ್ಟಿಗೆ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಗುಂಡಿಗಳ ವಿಷಯದಲ್ಲಿ ನಾನು ಉದಾರಿ. ಗುಂಡಿ ಸಡಿಲವಾಗಿದ್ದರೆ ಮನೆಯಲ್ಲಿ ಸೂಜಿ ಇದೆ. ಕಾಜಾ ಹರಕಾಗಿದ್ದರೆ ಮಾತ್ರ ಬಿಡುತ್ತೇನೆ, ಕಾಜಾ ಹೊಲಿಯುವ ತಾಳ್ಮೆ ಚಿಕ್ಕಮ್ಮನಿಂದ ನನಗೆ ಬರಲಿಲ್ಲ.

ಹೀಗೆ ಒಂದು ಗಂಟೆ ತಿರುಗಿ, ಹತ್ತು ಹನ್ನೊಂದನ್ನು ಮಗುಚಿ ಹಾಕಿ, ಒಂದನ್ನೋ ಎರಡನ್ನೋ ಹಿಡಿದು ಹೊರಡುವ ನಾನು ಬಿಲ್ಲಿಂಗ್ ಕೌಂಟರಿನ ಸಾಲಿನಲ್ಲಿ ಸೋಲುತ್ತೇನೆ. ಬೇಕೆಂದೇ ಅಂಕುಡೊಂಕಾಗಿ ಮಾಡಿರುವ ಆ ಸಾಲಿನ ದಾರಿಯ ಎರಡೂ ಬದಿಗೆ ಕಾಲುಚೀಲ, ಟೋಪಿ, ಮೂರರ ಕಟ್ಟಿನ ಬನಿಯನ್ನುಗಳ ಬುಟ್ಟಿಗಳಿರುತ್ತವೆ, ಮತ್ತು ಅವುಗಳ ಬೆಲೆ ಯೋಚಿಸುವುದಕ್ಕೂ ನಾಚಿಕೆಯಾಗುವಷ್ಟು ಕಡಿಮೆ ಇರುತ್ತದೆ. ಹೊಟ್ಟೆ ನೋಡುವ ವಿದ್ಯೆಯೆಲ್ಲ ಅಲ್ಲಿ ಮರೆತುಹೋಗುತ್ತದೆ. ಚೀಟಿ ಕೂಡ ಕೀಳದ ಸಾಸಿವೆ ಬಣ್ಣದ ಟೋಪಿಯೊಂದು ನನ್ನ ಬೀರುವಿನಲ್ಲಿ ನಾಲ್ಕು ವರ್ಷದಿಂದ ಕುಳಿತಿದೆ, ನಾನು ಟೋಪಿ ಹಾಕಿಕೊಳ್ಳುವವರ ಪೈಕಿ ಅಲ್ಲ. ನನ್ನನ್ನು ನಿಜಕ್ಕೂ ಮುಜುಗರಕ್ಕೆ ಸಿಕ್ಕಿಸಬೇಕೆಂದು ಇರುವವರು ಅಂಗಡಿಯ ಹೆಸರನ್ನು ಬಿಟ್ಟು ಆ ಟೋಪಿಯ ಬಗ್ಗೆ ಕೇಳಬೇಕು. ನನ್ನ ಹತ್ತಿರ ಉತ್ತರವಿಲ್ಲ. ಸಾಸಿವೆ ಬಣ್ಣ ಏಕೆಂಬುದಕ್ಕಂತೂ ಇಲ್ಲವೇ ಇಲ್ಲ.

ಬೀಳ್ಕೊಡುಗೆಯ ಸಂಜೆಯ ಬಗ್ಗೆ ಇನ್ನೊಂದು ಮಾತು ಬಾಕಿ ಇದೆ. ನನ್ನ ಸಹೋದ್ಯೋಗಿ ಅಂದು ತೊಟ್ಟಿದ್ದ ಚೌಕಳಿಯ ಅಂಗಿ, ಹೇಳಲು ಮನಸ್ಸಿಲ್ಲದಿದ್ದರೂ ಹೇಳುತ್ತೇನೆ, ಬಹಳ ಒಳ್ಳೆಯದಾಗಿತ್ತು. ಜೇಬಿನ ಗೆರೆಗಳು ಎದೆಯ ಗೆರೆಗಳೊಂದಿಗೆ ಒಂದೆಳೆಯೂ ತಪ್ಪದೆ ಕೂಡಿದ್ದವು. ಜೇಬು ಎಲ್ಲಿ ಶುರುವಾಗುತ್ತದೆಂದು ಹುಡುಕಬೇಕಿತ್ತು. ಅದನ್ನು ಕತ್ತರಿಸಿದ ಕೈಯನ್ನು ನಾನು ಮೆಚ್ಚಿದೆ, ಅವರ ಮಾತು ಕೇಳಿಸದಷ್ಟು ಹೊತ್ತು ಆ ಜೇಬನ್ನೇ ನೋಡುತ್ತ ನಿಂತೆ. ಕೊನೆಗೆ ‘ನಿಮ್ಮ ಜೇಬು ತುಂಬಾ ಚೆನ್ನಾಗಿ ಕೂತಿದೆ’ ಎಂದೆ. ಅವರು ತಲೆ ಬಗ್ಗಿಸಿ ಜೇಬನ್ನು ನೋಡಿ, ಅಲ್ಲಿ ಏನೋ ಕಲೆಯಾಗಿದೆ ಎಂದು ತಿಳಿದು ಕೈಯಿಂದ ಒರೆಸಿಕೊಂಡರು.

ನೀಲಿ ಅಂಗಿ ಈಗಲೂ ಇದೆ. ಮೂರನೆಯ ಗುಂಡಿಯನ್ನು ಸ್ವಲ್ಪ ಬೇರೆ ಬಣ್ಣದ ನೂಲಿನಲ್ಲಿ ಹೊಲಿದಿದ್ದೇನೆ, ಹತ್ತಿರ ಬಂದರೆ ಕಾಣುತ್ತದೆ. ಕಾಲರಿನ ಮಡಿಕೆಯಲ್ಲಿ ಬಟ್ಟೆ ಸವೆದು ಒಳಗಿನ ಕ್ಯಾನ್ವಾಸ್ ಇಣುಕುತ್ತಿದೆ. ಚಿಕ್ಕಮ್ಮನಾಗಿದ್ದರೆ ಕಾಲರನ್ನು ಬಿಚ್ಚಿ, ಮಗುಚಿ, ಸವೆಯದ ಮಗ್ಗುಲನ್ನು ಮೇಲೆ ಮಾಡಿ ಅರ್ಧ ಗಂಟೆಯಲ್ಲಿ ಹೊಲಿದುಬಿಡುತ್ತಿದ್ದಳು. ಈ ಬೆಲೆಯ ಅಂಗಿಗಳಲ್ಲಿ ಕ್ಯಾನ್ವಾಸನ್ನು ಬಿಸಿಯಲ್ಲಿ ಅಂಟಿಸಿರುತ್ತಾರಾದ್ದರಿಂದ ಮಗುಚಿದರೆ ಗುಳ್ಳೆ ಬಂದಂತೆ ಕಾಣಬಹುದು ಎಂಬ ಅಳುಕಿದೆ. ಬರುವ ಭಾನುವಾರ ಬಿಚ್ಚಿ ನೋಡುತ್ತೇನೆ.