ದೊಡ್ಡಪ್ಪನ ರೈಫಲ್ಲಿಗೆ ಹಳೇ ಕುಂದಾ ಹುಡುಕಿದ್ದು

ನಮ್ ದೊಡ್ಡಪ್ಪ ಮಿಲಿಟರೀಲಿದ್ದೋರು, ಈಗ ಜಗಳೂರು ಕಡೆ ಮೆಕ್ಕೆಜೋಳ ಮಾಡ್ಕೊಂಡಿದಾರೆ. ಅವ್ರತ್ರ ಲೈಸೆನ್ಸ್ ಇರೋ ಹಳೇ .315 ರೈಫಲ್ ಒಂದೈತೆ. ಮಿಲಿಟರೀಲಿ ಹಿಂದೆ ಬಳಸ್ತಿದ್ದ ತ್ರೀ ನಾಟ್ ತ್ರೀ (.303) ರೈಫಲ್ ಪ್ರೊಹಿಬಿಟೆಡ್ ಬೋರು, ಅಂದ್ರೆ ಆ ಅಳತೆ ನಳಿಕೆ ನಮ್ಮಂಥೋರಿಗೆ ಸಿಗಲ್ಲ, ಅದ್ಕೇ ಬಂಗಾಳದ ಇಶಾಪುರ ಫ್ಯಾಕ್ಟರೀಲಿ ತ್ರೀ ನಾಟ್ ತ್ರೀದೇ ಲೀ-ಎನ್‌ಫೀಲ್ಡ್ ಆಕ್ಷನ್ (ಗುಂಡು ತುಂಬಿ ಹಾರಿಸೋ ಭಾಗ) ಇಟ್ಕೊಂಡು ಬೋರ್ ಬದಲಾಯಿಸಿ ಮಾಡಿದ್ದು ಇದು. ಎಲೆಕ್ಷನ್ ಟೈಮಲ್ಲಿ ಸ್ಟೇಷನ್‌ಗೆ ಡೆಪಾಸಿಟ್ ಮಾಡಿ ವಾಪಸ್ ತಂದ್ರೆ ಭುಜಕ್ಕೆ ಆನಿಸೋ ಮರದ ಕುಂದಾ ಅದರ ಸಣ್ಣಗಿರೋ ಕುತ್ತಿಗೆ ಹತ್ರ ಸೀಳಿತ್ತು. ಕೇಳಿದ್ರೆ ಮೊದ್ಲೇ ಹಂಗಿತ್ತು ಅಂದ್ರಂತೆ.

ಊರಿನ ಬಡಗಿ ಸಾಗುವಾನೀಲಿ ಹೊಸದು ಕೆತ್ತಿಕೊಡ್ತೀನಿ ಅಂದ. ದೊಡ್ಡಪ್ಪ, "ನಾನೇನ್ ಬಾಗಿಲು ಮಾಡಿಸ್ತಿದೀನೇನೋ, ಹಳೇ ಅಕ್ರೋಟ್ ಮರದ್ದೇ ಬೇಕು" ಅಂತ ಹಟ. ನಾನು ಫೋನಲ್ಲಿ ಹುಡುಕಿದೆ, ಒರಿಜಿನಲ್ ಒರಿಜಿನಲ್ ಅಂತ ಫೋಟೋ ಹಾಕಿರೋದೆಲ್ಲ ವಾರ್ನಿಷ್ ಹೊಡ್ದು ಮದುವೆ ಮನೆ ಕುರ್ಚಿ ಥರ ಹೊಳೀತಿದ್ವು. ಸೈನ್ಯದ ಹಳೇ ಕಟ್ಟಿಗೆಗೆ ಅಗಸೆ ಎಣ್ಣೆ ಬಿಟ್ರೆ ಬೇರೆ ಪಾಲಿಶ್ ಇರ್ತಿರ್ಲಿಲ್ಲ, ಅಷ್ಟು ಹೊಳೆದ್ರೆ ಯಾರೋ ಆಮೇಲೆ ಕೈ ಆಡಿಸಿದಾರೆ ಅಂತ್ಲೇ ಅರ್ಥ.

ಕೊನೆಗೆ ದೊಡ್ಡಪ್ಪನ್ನ, ರೈಫಲ್ಲು, ಲೈಸೆನ್ಸ್ ಬುಕ್ಕು ಎಲ್ಲಾ ಕಾರಿಗೆ ಹಾಕ್ಕೊಂಡು ದಾವಣಗೆರೆ ಹಳೇ ಪೇಟೆ ಕಡೆ ಇರೋ ಒಬ್ರು ಬಂದೂಕು ರಿಪೇರಿ ಚಾಚಾ ಹತ್ರ ಹೋದ್ವಿ. ಅವ್ರಪ್ಪ ಪೊಲೀಸರ ತ್ರೀ ನಾಟ್ ತ್ರೀ ರಿಪೇರಿ ಮಾಡ್ತಿದ್ರಂತೆ, ಅವಾಗಿನ ಟ್ರಂಕ್ ಇನ್ನೂ ಐತೆ. ತೆಗೆದ್ರೆ ಒಳಗೆ ಬರೀ ಕುಂದಾಗಳು, ಕೆಲವಕ್ಕೆ ತುದೀಲಿ ಹಿತ್ತಾಳೆ ಪಟ್ಟಿ, ಪಟ್ಟೀಲಿ ಪುಟ್ಟ ಮುಚ್ಚಳ, ಒಳಗೆ ಎಣ್ಣೆ ಬುಡ್ಡಿ ಇಡೋ ತೂತು. "ಎಲ್ಲಾ ಅಕ್ರೋಟ್ ಅಂದ್ಕೋಬೇಡಿ ಸಾರ್" ಅಂದ್ರು ಚಾಚಾ. ಎರಡನೇ ಮಹಾಯುದ್ಧದಲ್ಲಿ ಅಕ್ರೋಟ್ ಸಾಲ್ದೆ ಇಂಗ್ಲೆಂಡಿನವ್ರು ಬೀಚು, ಬರ್ಚು ಮರಾನೂ ಬಳಸಿದಾರೆ, ಅವೂ ಒರಿಜಿನಲ್ಲೇ. ಪಟ್ಟಿ ಹತ್ರ ಎಸ್ ಅಂತ ಒತ್ತಿದ್ರೆ ಮಾಮೂಲಿಗಿಂತ ಅರ್ಧ ಇಂಚು ಗಿಡ್ಡ, ಎಲ್ ಇದ್ರೆ ಅರ್ಧ ಇಂಚು ಉದ್ದ, ಬಿ ಅಂದ್ರೆ ಇನ್ನೂ ಗಿಡ್ಡ. ಸೈನಿಕನ ತೋಳಿನ ಅಳತೆ ನೋಡಿ ಕೊಡ್ತಿದ್ರು.

ದೊಡ್ಡಪ್ಪ ಒಂದೊಂದೇ ಭುಜಕ್ಕೆ ಇಟ್ಟು ನೋಡಿ ಎಸ್ ಇರೋದು ಆರಿಸಿದ್ರು, ವಯಸ್ಸಾದ್ಮೇಲೆ ಕುಗ್ಗಿದಾರೆ ಅಂತ ನಾನು ಹೇಳೋಕೆ ಹೋಗ್ಲಿಲ್ಲ.

ಅಸಲಿ ಕೆಲಸ ಆಮೇಲೆ. ಕುಂದಾ ಒಳಗಿಂದ ಹೋಗೋ ಉದ್ದನೆ ಬೋಲ್ಟ್ ಬಿಚ್ಚೋಕೆ ನಾನು ಸ್ಕ್ರೂಡ್ರೈವರ್ ಹುಡುಕ್ತಿದ್ರೆ ಚಾಚಾ ಬೈದ್ರು. ಹಳೇ ತ್ರೀ ನಾಟ್ ತ್ರೀಗಳಲ್ಲಿ ಮೊದ್ಲು ನಳಿಕೆ ಕೆಳಗಿನ ಕಟ್ಟಿಗೆ ಬಿಚ್ಚದೆ ಆ ಬೋಲ್ಟ್ ತಿರುಗಿಸಿದ್ರೆ ಅದರ ಚೌಕದ ತುದಿ ತಿರುಗಿ ಮುಂದಿನ ಕಟ್ಟಿಗೇನೇ ಸೀಳ್ಬಿಡುತ್ತಂತೆ, ಅದ್ಕೆ ಯಾವ್ದೇ ಇರ್ಲಿ ಅದೇ ಅಭ್ಯಾಸ ಇಟ್ಕೋಬೇಕು ಅಂದ್ರು. ಆಮೇಲೆ ರೈಫಲ್ಲಲ್ಲಿ ಕುಂದಾ ಕೂರೋ ಕಬ್ಬಿಣದ ಸಾಕೆಟ್ ಒಳಗೆ ದೀಪದ ಕಾಡಿಗೆ ಸವರಿ, ಕುಂದಾ ಒತ್ತಿ ತೆಗೆದು, ಎಲ್ಲಿ ಕಪ್ಪು ಹತ್ತಿದೆಯೋ ಅಲ್ಲಿ ಮಾತ್ರ ಅರದಿಂದ ಒಂಚೂರು ಉಜ್ಜೋದು, ಮತ್ತೆ ಒತ್ತೋದು. ಸುತ್ತ ಎಲ್ಲಾ ಕಡೆ ಒಂದೇ ಸಮ ಕಪ್ಪು ಹತ್ತೋವರ್ಗೂ ಬಿಡ್ಲಿಲ್ಲ ಪುಣ್ಯಾತ್ಮ, ಮಧ್ಯಾಹ್ನದ ಊಟಾನೂ ಮುಂದಕ್ಕೆ ಹೋಯ್ತು. ಸಡಿಲ ಕೂತ್ರೆ ನಾಲ್ಕು ಫೈರಿಗೆ ಮತ್ತೆ ಸೀಳುತ್ತಂತೆ.

ಮನೇಲಿ ದೊಡ್ಡಪ್ಪ ಅಗಸೆ ಎಣ್ಣೆ ಅಂಗೈಲಿ ತಿಕ್ಕಿ ತಿಕ್ಕಿ ಕುಡಿಸ್ತಿದಾರೆ. ಎಣ್ಣೆ ಬಟ್ಟೆ ಉಂಡೆ ಮಾಡಿ ಮೂಲೇಲಿ ಎಸೆದ್ರೆ ತಾನಾಗೇ ಹೊತ್ಕೊಳ್ಳುತ್ತೆ ಅಂತ ಚಾಚಾ ಹೇಳಿದ್ದು ಕೇಳಿ ದೊಡ್ಡಮ್ಮ ಆ ಬಟ್ಟೆನೆಲ್ಲ ನೀರಲ್ಲಿ ಅದ್ದಿ ಹಿತ್ತಲಲ್ಲಿ ಹರಡ್ತಾರೆ, ಬೈಕೊಂಡೇ.