ನನ್ನ ಪಟ್ಟಿಯಲ್ಲಿ ಬೆರಿಲ್ ಇರಲಿಲ್ಲ

ಸೈಕಲ್ ರೇಸ್ ಗೆಲ್ಲುವವರು ಕೊನೆಯ ಗೆರೆ ದಾಟುವ ಮೊದಲು ಒಂದು ಕೆಲಸ ಮಾಡುತ್ತಾರೆ. ಗಮನಿಸಿದ್ದೀರಾ? ಹ್ಯಾಂಡಲ್ ಬಿಟ್ಟು, ಜೆರ್ಸಿಯ ಜಿಪ್ ಕತ್ತಿನವರೆಗೆ ಎಳೆದುಕೊಳ್ಳುತ್ತಾರೆ. ಆಮೇಲೆ ಕೈ ಎತ್ತುತ್ತಾರೆ. ಬೆಟ್ಟ ಹತ್ತುವಾಗ ಸೆಕೆಗೆ ಜಿಪ್ ಹೊಟ್ಟೆಯವರೆಗೆ ಬಿಚ್ಚಿರುತ್ತದೆ. ಎದೆಯ ಮೇಲಿನ ಸ್ಪಾನ್ಸರ್ ಹೆಸರು ಎರಡು ಹೋಳಾಗಿ ಆಚೆ ಈಚೆ ಹಾರಾಡುತ್ತಿರುತ್ತದೆ. ಮರುದಿನದ ಪೇಪರಿನ ಫೋಟೊದಲ್ಲಿ ಆ ಹೆಸರು ಇಡಿಯಾಗಿ ಕಾಣಬೇಕು, ಅದಕ್ಕೇ ಜಿಪ್.

ಆ ಹೆಸರು ಎಷ್ಟು ಸೆಕೆಂಡು ಕಂಡಿತು ಅಂತ ಲೆಕ್ಕ ಇಡುವುದು ನನ್ನ ಕೆಲಸ. ಬೆಂಗಳೂರಿನ ಒಂದು ಆಫೀಸಿನಲ್ಲಿ ಕೂತು, ಯುರೋಪಿನ ರೇಸುಗಳ ಟೀವಿ ಪ್ರಸಾರ ನೋಡುತ್ತೇವೆ. ಸಾಫ್ಟ್‌ವೇರ್ ಪರದೆಯ ಮೇಲೆ ಲೋಗೊ ಹುಡುಕಿ ಚೌಕ ಹಾಕುತ್ತದೆ. ಅದು ಸರಿಯಾ, ಓದುವ ಹಾಗಿದೆಯಾ, ಎಷ್ಟು ದೊಡ್ಡದಾಗಿದೆ ಅಂತ ನೋಡಿ ಒಪ್ಪುವವರು ನಾವು. ಅಷ್ಟೇ ಹೊತ್ತಿನ ಜಾಹೀರಾತನ್ನು ಟೀವಿಯಲ್ಲಿ ಕೊಂಡಿದ್ದರೆ ಎಷ್ಟು ಖರ್ಚಾಗುತ್ತಿತ್ತು ಅಂತ ಕೊನೆಗೆ ಒಂದು ಮೊತ್ತ ಬರುತ್ತದೆ. ಸ್ಪಾನ್ಸರ್ ಕಂಪನಿಗೆ ಹೋಗುವುದು ಆ ಮೊತ್ತ. ಜುಲೈ ತಿಂಗಳಲ್ಲಿ ಟೂರ್ ದ ಫ್ರಾನ್ಸ್ ನಡೆಯುವಾಗ ನಮ್ಮ ದಿನ ಶುರುವಾಗುವುದೇ ಸಂಜೆ ನಾಲ್ಕರ ಮೇಲೆ.

ಈ ಕೆಲಸಕ್ಕೆ ಬಂದ ಮೇಲೆ ನನಗೆ ಸೈಕಲ್ ರೇಸ್ ಬೇರೆಯೇ ರೀತಿ ಕಾಣತೊಡಗಿತು. ಹೆಲಿಕಾಪ್ಟರಿನಿಂದ ತೋರಿಸಿದಾಗ ಬೆನ್ನು, ಹೆಲ್ಮೆಟ್ ಅಷ್ಟೇ ಕಾಣುತ್ತದೆ. ಪಕ್ಕದ ಮೋಟರ್‌ಬೈಕಿನ ಕ್ಯಾಮೆರಾಕ್ಕೆ ಚಡ್ಡಿಯ ಪಕ್ಕದ ಪಟ್ಟಿ ಚೆನ್ನಾಗಿ ಸಿಗುತ್ತದೆ. ಮಳೆ ಬಂದು ಜಾಕೆಟ್ ಹಾಕಿಕೊಂಡರೆ ಅರ್ಧ ದಿನದ ಲೆಕ್ಕ ಹೋಯಿತು ಅಂತಲೇ. ಸಣ್ಣ ತಂಡದ ಇಬ್ಬರು ಬೆಳಗ್ಗೆಯೇ ಗುಂಪಿನಿಂದ ಮುಂದೆ ಓಡಿ, ಐದು ಗಂಟೆ ಗಾಳಿಗೆ ಎದುರಾಗಿ ತುಳಿದು, ಕೊನೆಯ ಹತ್ತು ಕಿಲೋಮೀಟರಿನಲ್ಲಿ ಸಿಕ್ಕಿಬೀಳುತ್ತಾರೆ. ಗೆಲ್ಲುವುದಿಲ್ಲ ಅಂತ ಅವರಿಗೂ ಗೊತ್ತು. ಆದರೆ ಆ ಐದು ಗಂಟೆ ಅವರ ಜೆರ್ಸಿ ಪರದೆಯ ಮೇಲೆ ಇತ್ತಲ್ಲ! ಅವರ ತಂಡದ ಮುಂದಿನ ವರ್ಷದ ಸಂಬಳ ಅದರಲ್ಲೇ ಬರಬೇಕು.

ಯಾಕೆ ಇಷ್ಟು ಒದ್ದಾಟ ಅಂದರೆ, ಈ ಆಟದಲ್ಲಿ ತಂಡಗಳಿಗೆ ಬೇರೆ ದುಡ್ಡಿಲ್ಲ. ರಸ್ತೆ ಬದಿ ನಿಂತು ನೋಡುವವರಿಗೆ ಟಿಕೆಟ್ ಇಲ್ಲ. ಟೀವಿ ಹಕ್ಕಿನ ಹಣ ರೇಸ್ ನಡೆಸುವವರಿಗೆ. ತಂಡಕ್ಕೆ ಹೆಚ್ಚುಕಡಿಮೆ ಎಲ್ಲವೂ ಸ್ಪಾನ್ಸರ್‌ನಿಂದ. ಅದಕ್ಕೇ ತಂಡದ ಹೆಸರೇ ಸ್ಪಾನ್ಸರ್ ಹೆಸರು. ರೇಸುಗಳು ಹುಟ್ಟಿದ್ದೂ ವ್ಯಾಪಾರಕ್ಕೇ. 1903ರಲ್ಲಿ ಟೂರ್ ದ ಫ್ರಾನ್ಸ್ ಶುರು ಮಾಡಿದ್ದು ಲೋಟೊ ಎಂಬ ಪತ್ರಿಕೆ, ಪ್ರತಿ ಜಾಸ್ತಿ ಮಾರಲಿ ಅಂತ. ಆ ಪತ್ರಿಕೆಯ ಕಾಗದ ಹಳದಿ, ಮುಂದಿರುವವನ ಜೆರ್ಸಿಯೂ ಹಳದಿ. ಇಟಲಿಯ ಜೀರೊ ರೇಸಿನ ಗುಲಾಬಿ ಜೆರ್ಸಿ ಕೂಡ ಗಜೆಟ್ಟಾ ಪತ್ರಿಕೆಯ ಕಾಗದದ ಬಣ್ಣ. ಬಹಳ ಕಾಲ ಸೈಕಲ್ ಕಂಪನಿಗಳೇ ತಂಡ ಸಾಕುತ್ತಿದ್ದವು. 1950ರ ದಶಕದಲ್ಲಿ ಸೈಕಲ್ ವ್ಯಾಪಾರ ಕುಸಿಯಿತು. 1954ರಲ್ಲಿ ಇಟಲಿಯ ಸವಾರ ಫಿಯೊರೆಂಜೊ ಮಾನ್ಯಿ ನಿವಿಯಾ ಕಂಪನಿಯನ್ನು ಒಪ್ಪಿಸಿ ಕರೆತಂದರು. ಹೌದು, ನಮ್ಮ ಮನೆಗಳಲ್ಲೂ ಇರುವ ಆ ನೀಲಿ ಡಬ್ಬಿಯ ನಿವಿಯಾ. ಅಲ್ಲಿಂದ ಕಾಫಿ ಯಂತ್ರ, ಮಾಂಸದ ಕಂಪನಿ, ಬ್ಯಾಂಕು, ಲಾಟರಿ ಎಲ್ಲರೂ ಬಂದರು.

ಈಗ ವಿಷಯಕ್ಕೆ ಬರುತ್ತೇನೆ.

ಊಟದ ಹೊತ್ತಿನಲ್ಲಿ ನಮ್ಮ ಟೀಮಿನಲ್ಲಿ ಒಂದೇ ಜಗಳ. ಎಡ್ಡಿ ಮರ್ಕ್ಸ್ ದೊಡ್ಡವರಾ, ತಾದೇಯ್ ಪೊಗಾಚಾರ್ ದೊಡ್ಡವನಾ? ನಾನು ಮರ್ಕ್ಸ್ ಕಡೆ. ಬೆಲ್ಜಿಯಂನವರು, ಐದು ಟೂರ್, ಐದು ಜೀರೊ, ಒಂದು ಸ್ಪೇನಿನ ವುವೆಲ್ಟಾ, ಮೂರು ವೃತ್ತಿಪರ ವಿಶ್ವ ಪ್ರಶಸ್ತಿ, ಒಟ್ಟು 525 ಗೆಲುವು. ನನ್ನ ಪಕ್ಕದ ಸೀಟಿನವನು ಪೊಗಾಚಾರ್ ಕಡೆ. ಸ್ಲೊವೇನಿಯಾದ ಹುಡುಗ, 1998ರಲ್ಲಿ ಹುಟ್ಟಿದವನು. 2025ರ ಕೊನೆಗೆ ನಾಲ್ಕು ಟೂರ್, ಒಂದು ಜೀರೊ, ಎರಡು ವಿಶ್ವ ಪ್ರಶಸ್ತಿ. 2024ರಲ್ಲಿ ಜ್ಯೂರಿಚ್‌ನಲ್ಲಿ ಇನ್ನೂ ನೂರು ಕಿಲೋಮೀಟರ್ ಇರುವಾಗಲೇ ಹೊರಟು ವಿಶ್ವ ಚಾಂಪಿಯನ್ ಆದ. ಆಗ ಮರ್ಕ್ಸ್ ಅವರೇ ಇವನು ನನಗಿಂತ ಮೇಲೆ ಅಂದರು. ನನ್ನ ಗೆಳೆಯ ಅದನ್ನು ವಾರಕ್ಕೊಮ್ಮೆಯಾದರೂ ನೆನಪಿಸುತ್ತಾನೆ.

ಒಂದು ದಿನ ಕ್ಲೈಂಟ್ ಒಬ್ಬರಿಂದ ಕೆಲಸ ಬಂತು. ಅವರು ಸೈಕ್ಲಿಂಗಿನಲ್ಲಿ ದುಡ್ಡು ಹಾಕುವ ಯೋಚನೆಯಲ್ಲಿದ್ದರು. ಜಾಹೀರಾತಿಗೆ ಬೇಕು, ಎಲ್ಲ ಕಾಲದ ಹತ್ತು ಮಂದಿ ಶ್ರೇಷ್ಠರ ಪಟ್ಟಿ ಮಾಡಿ ಕೊಡಿ ಅಂದರು. ನನಗೆ ಹಬ್ಬ! ಊಟದ ಜಗಳವನ್ನು ಎಕ್ಸೆಲ್‌ನಲ್ಲಿ ತೀರಿಸಬಹುದು ಅಂದುಕೊಂಡೆ. ದೊಡ್ಡ ರೇಸಿಗೆ ಇಷ್ಟು ಅಂಕ, ಒಂದು ದಿನದ ರೇಸಿಗೆ ಇಷ್ಟು, ಹಳದಿ ಜೆರ್ಸಿಯ ದಿನಕ್ಕೆ ಇಷ್ಟು ಅಂತ ಹಾಕಿದೆ. ಮೂರು ದಿನ ಕೂತು ಮಾಡಿದೆ. ಮರ್ಕ್ಸ್ ಮೊದಲು, ಆಮೇಲೆ ಬರ್ನಾರ್ ಹಿನೊ, ಫೌಸ್ಟೊ ಕೊಪ್ಪಿ, ಪೊಗಾಚಾರ್, ಹೀಗೆ ಹತ್ತು. ಬಣ್ಣ ತುಂಬಿಸಿ ಚಂದ ಮಾಡಿದೆ.

ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. ಆ ಕಡೆ ಐದಾರು ಜನ. ಅವರಲ್ಲಿ ಒಬ್ಬರು ವಯಸ್ಸಾದ ಹೆಂಗಸು, ಇಂಗ್ಲೆಂಡಿನ ಯಾರ್ಕ್‌ಷೈರ್‌ನವರು. ಎಲ್ಲ ಮುಗಿಯುವವರೆಗೆ ಸುಮ್ಮನಿದ್ದು, ಮೆತ್ತಗೆ ಕೇಳಿದರು.

“ಬೆರಿಲ್ ಎಲ್ಲಿ?”

ನನಗೆ ಯಾರ ಬಗ್ಗೆ ಅಂತ ಅರ್ಥವಾಗಲಿಲ್ಲ. “ಮೇಡಂ, ಅವರ ಡೇಟಾ ನಮ್ಮಲ್ಲಿಲ್ಲ” ಅಂದೆ.

“ನಿಮ್ಮಲ್ಲಿ ಇಲ್ಲ ಅಂದರೆ ಅವರು ಸೈಕಲ್ಲೇ ತುಳಿಯಲಿಲ್ಲ ಅಂತಲಾ?”

ಗದರಿಸಿ ಹೇಳಲಿಲ್ಲ. ನಿಜವಾಗಿಯೂ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪಟ್ಟಿಯಲ್ಲಿ ಒಬ್ಬ ಹೆಂಗಸೂ ಇಲ್ಲ ಅನ್ನುವುದು ನನ್ನ ಕಣ್ಣಿಗೆ ಬಿದ್ದಿದ್ದೇ ಆಗ. ಮೂರು ದಿನ ಅದೇ ಹಾಳೆ ನೋಡುತ್ತಿದ್ದೆ.

ಆ ರಾತ್ರಿ ಮನೆಗೆ ಹೋಗಿ ಬೆರಿಲ್ ಬರ್ಟನ್ ಬಗ್ಗೆ ಓದಲು ಕೂತೆ. ಬೆಳಗಿನ ಜಾವ ಎರಡಾಯಿತು. 1937ರಲ್ಲಿ ಹುಟ್ಟಿದವರು. ಯಾರ್ಕ್‌ಷೈರ್‌ನಲ್ಲಿ ರೂಬಾರ್ಬ್ ಎಂಬ ಹುಳಿ ದಂಟಿನ ತೋಟದಲ್ಲಿ ಕೂಲಿ ಕೆಲಸ ಮಾಡುತ್ತಿದ್ದರು. ಬಗ್ಗಿ, ಅಗೆದು, ಹೊತ್ತು, ಆಮೇಲೆ ಸಂಜೆ ಸೈಕಲ್. ಕೊನೆಯವರೆಗೂ ಅಮೆಚೂರ್, ಅಂದರೆ ಸೈಕಲ್ ತುಳಿಯುವುದೇ ವೃತ್ತಿ ಅಲ್ಲ. ವಿಶ್ವ ಪ್ರಶಸ್ತಿ ಏಳು: ಟ್ರ್ಯಾಕಿನಲ್ಲಿ ಐದು, ರಸ್ತೆಯಲ್ಲಿ ಎರಡು. ಟೈಮ್ ಟ್ರಯಲ್ ಅಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ರೇಸ್; ಬ್ರಿಟನ್ನಿನ ವರ್ಷದ ಶ್ರೇಷ್ಠ ಟೈಮ್ ಟ್ರಯಲ್ ಸವಾರಳು ಎಂಬ ಪಟ್ಟವನ್ನು 1959ರಿಂದ 25 ವರ್ಷ ಸತತವಾಗಿ ಗೆದ್ದರು. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಸೈಕ್ಲಿಂಗ್ ಬಂದಿದ್ದೇ 1984ರಲ್ಲಿ. ಅಷ್ಟರಲ್ಲಿ ಅವರಿಗೆ 47.

1967ರಲ್ಲಿ ಒಂದು 12 ಗಂಟೆಯ ರೇಸ್. ಒಬ್ಬೊಬ್ಬರನ್ನೇ ಬಿಡುತ್ತಾರೆ, 12 ಗಂಟೆಯಲ್ಲಿ ಯಾರು ಎಷ್ಟು ದೂರ ಹೋಗುತ್ತಾರೆ ನೋಡುವುದು. ಗಂಡಸರನ್ನು ಮೊದಲು ಬಿಟ್ಟಿದ್ದರು. ಬೆರಿಲ್ ಹಿಂದಿನಿಂದ ಒಬ್ಬೊಬ್ಬರನ್ನೇ ದಾಟುತ್ತಾ ಬಂದರು. ಕೊನೆಗೆ ಉಳಿದವರು ಮೈಕ್ ಮೆಕ್‌ನಮಾರಾ. ಅವರು ಕೂಡ ಆ ದಿನ ಗಂಡಸರ ಹೊಸ ದಾಖಲೆಯ ಹಾದಿಯಲ್ಲಿದ್ದರು. ಬೆರಿಲ್ ಮೆಕ್‌ನಮಾರಾ ಪಕ್ಕಕ್ಕೆ ಬಂದರು. ಜೇಬಿಗೆ ಕೈ ಹಾಕಿ, ಒಂದು ಜೇಷ್ಠಮಧುವಿನ ಮಿಠಾಯಿ ತೆಗೆದು ಅವರಿಗೆ ಚಾಚಿದರು. ಅವರು ತಗೊಂಡು ಬಾಯಿಗೆ ಹಾಕಿಕೊಂಡರು. ಬೆರಿಲ್ ಮುಂದೆ ಹೋದರು. ಆ ದಿನ ಅವರು ತುಳಿದಿದ್ದು 277.25 ಮೈಲಿ, ಅಂದರೆ ಸುಮಾರು 446 ಕಿಲೋಮೀಟರ್. ಮೆಕ್‌ನಮಾರಾಗಿಂತ ಮುಕ್ಕಾಲು ಮೈಲಿಯಷ್ಟು ಜಾಸ್ತಿ. ಹೆಂಗಸರ ಆ ದಾಖಲೆ ಮುರಿಯಲು 50 ವರ್ಷ ಬೇಕಾಯಿತು.

ಟೀವಿ ಇರಲಿಲ್ಲ, ಕೋಟಿಯ ಸ್ಪಾನ್ಸರ್ ಇರಲಿಲ್ಲ. ನಮ್ಮ ಸಾಫ್ಟ್‌ವೇರ್‌ಗೆ ಹಾಕಿದರೆ ಅವರ ಬೆಲೆ ಸೊನ್ನೆ.

ಮರುದಿನ ನಮ್ಮ ಟೀಮ್ ಲೀಡ್ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಈ ಕೆಲಸದಲ್ಲಿ ಹದಿನಾಲ್ಕು ವರ್ಷ ಇದ್ದವರು. ನನ್ನ ಹಾಳೆ ತೆರೆದು, ಹೆಸರುಗಳ ಪಕ್ಕ ಒಂದು ಖಾಲಿ ಕಾಲಂ ಸೇರಿಸಿದರು. “ಇವರಿಗೆಲ್ಲ ಯಾರು ದುಡ್ಡು ಕೊಟ್ಟರು, ಏನು ಮಾಡಲಿ ಅಂತ ಕೊಟ್ಟರು, ಇಲ್ಲಿ ಬರಿ. ಆಮೇಲೆ ಗೆಲುವಿನ ಸಂಖ್ಯೆ ನೋಡು” ಅಂದರು.

ಬರೆಯಲು ಕೂತ ಮೇಲೆ ನನ್ನ ಮರ್ಕ್ಸ್ ಬೇರೆಯೇ ಆಗಿ ಕಂಡರು. 1968ರಿಂದ ಅವರಿಗೆ ದುಡ್ಡು ಕೊಟ್ಟಿದ್ದು ಫಾಯೆಮಾ, ಕಾಫಿ ಯಂತ್ರದ ಕಂಪನಿ. 1971ರಿಂದ ಮೊಲ್ತೇನಿ, ಇಟಲಿಯ ಆರ್ಕೋರೆ ಊರಿನ ಸಾಸೇಜ್ ಕಂಪನಿ. ಆಗ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಸ್ಟಾರ್ ಸವಾರ ಎಲ್ಲ ಕಡೆಯೂ ಕಾಣಿಸಿಕೊಳ್ಳಬೇಕು. ಟೂರ್ ಮುಗಿದ ಮೇಲೆ ಊರೂರಿನ ಸಣ್ಣ ರೇಸುಗಳು, ಅಲ್ಲಿಗೆ ಬಂದರೆ ಇಷ್ಟು ಅಂತ ದುಡ್ಡು. ಚಳಿಗಾಲದಲ್ಲಿ ಒಳಾಂಗಣ ಟ್ರ್ಯಾಕಿನಲ್ಲಿ ಆರು ದಿನದ ರೇಸುಗಳು. 525ರಲ್ಲಿ ಆ ಊರೂರಿನ ರೇಸುಗಳೂ ಸೇರಿವೆ. 1971ರ ಒಂದೇ ವರ್ಷ 54 ಗೆದ್ದರು. ಪೊಗಾಚಾರ್ 2024ರಲ್ಲಿ ರೇಸ್ ಮಾಡಿದ್ದೇ 58 ದಿನ, ಗೆದ್ದಿದ್ದು 25. ಅವನ ತಂಡಕ್ಕೆ ಬೇಕಿರುವುದು ಆರಿಸಿದ ಕೆಲವೇ ದೊಡ್ಡ ದಿನಗಳು, ಉಳಿದ ದಿನ ಎತ್ತರದ ಬೆಟ್ಟದಲ್ಲಿ ತರಬೇತಿ. ಕೂಡಿಸಿದರೆ ಮರ್ಕ್ಸ್ ಮುಂದೆ, ದಿನಕ್ಕೆ ಭಾಗಿಸಿದರೆ ಪೊಗಾಚಾರ್ ಪಕ್ಕಕ್ಕೆ ಬಂದು ನಿಲ್ಲುತ್ತಾನೆ. ಇಬ್ಬರಿಗೂ ಒಪ್ಪಿಸಿದ ಕೆಲಸವೇ ಬೇರೆ. ನಾನು ಒಂದೇ ತಕ್ಕಡಿಯಲ್ಲಿ ತೂಗಿದ್ದೆ.

ಗೆಲುವಿಗೂ ಸ್ಪಾನ್ಸರ್‌ಗೂ ನೇರ ಸಂಬಂಧ ಇದೆ ಅಂತ ಕೂಡ ನಾನು ನಂಬಿಕೊಂಡಿದ್ದೆ. ಯುಂಬೊ-ವಿಸ್ಮಾ ತಂಡ 2023ರಲ್ಲಿ ಟೂರ್, ಜೀರೊ, ವುವೆಲ್ಟಾ ಮೂರೂ ದೊಡ್ಡ ರೇಸ್ ಗೆದ್ದಿತು, ಮೂವರು ಬೇರೆ ಬೇರೆ ಸವಾರರಿಂದ. ಅದಕ್ಕಿಂತ ಇನ್ನೇನು ಬೇಕು? ಆದರೂ ಆ ವರ್ಷದ ಕೊನೆಗೆ ಯುಂಬೊ ಸೂಪರ್‌ಮಾರ್ಕೆಟ್ ಹೆಸರು ಜೆರ್ಸಿಯಿಂದ ಹೋಯಿತು. ಅದೇ ತಂಡದ ಹಳೆಯ ಸ್ಪಾನ್ಸರ್ ರಾಬೊಬ್ಯಾಂಕ್. 2012ರ ಅಕ್ಟೋಬರಿನಲ್ಲಿ ಅಮೆರಿಕದ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ನಿಷೇಧಿತ ಮದ್ದು ತಗೊಂಡಿದ್ದರ ವರದಿ ಹೊರಬಂದ ಮೇಲೆ ಬ್ಯಾಂಕು ಹೊರಡುತ್ತೇನೆ ಅಂದಿತು. ಮಾತು ಕೊಟ್ಟಿದ್ದ ದುಡ್ಡು ಕೊಟ್ಟಿತು, ಹೆಸರು ಮಾತ್ರ ತೆಗೆಸಿತು. 2013ರ ಮೊದಲ ತಿಂಗಳುಗಳಲ್ಲಿ ಆ ತಂಡ ಬ್ಲಾಂಕೊ, ಅಂದರೆ ಖಾಲಿ, ಎಂಬ ಹೆಸರಲ್ಲಿ ಓಡಿತು. ಕಾಣದೇ ಇರಲಿ ಅಂತ ದುಡ್ಡು ಕೊಟ್ಟ ಸ್ಪಾನ್ಸರ್! ಆದರೆ ಮಾರಿಯಾನ್ ವೊಸ್ ಇದ್ದ ಹೆಂಗಸರ ತಂಡದ ಮೇಲೆ ಅದೇ ಬ್ಯಾಂಕಿನ ಹೆಸರು 2016ರವರೆಗೆ ಉಳಿಯಿತು. ಲಂಡನ್ ಒಲಿಂಪಿಕ್ಸ್‌ನ ರಸ್ತೆ ರೇಸ್ ಗೆದ್ದವರು ವೊಸ್. ಅವರೂ ನನ್ನ ಮೊದಲ ಪಟ್ಟಿಯಲ್ಲಿ ಇರಲಿಲ್ಲ.

ಇದಾದ ಕೆಲವೇ ದಿನಕ್ಕೆ ಒಂದು ರೇಸ್ ಪರಿಶೀಲಿಸುತ್ತಿದ್ದೆ. ತಿರುವಿನಲ್ಲಿ ಒಬ್ಬ ಹುಡುಗ ಜಾರಿ ಬಿದ್ದ. ಎದೆ ಕ್ಯಾಮೆರಾ ಕಡೆ, ಭುಜ ಹಿಡಿದುಕೊಂಡು ರಸ್ತೆ ಮೇಲೆ ಕೂತಿದ್ದಾನೆ. ಲೋಗೊ ಅಷ್ಟು ಸ್ಪಷ್ಟವಾಗಿ ಆ ಇಡೀ ದಿನದಲ್ಲಿ ಕಂಡಿರಲಿಲ್ಲ. ನಿಧಾನಗತಿಯಲ್ಲಿ ನಾಲ್ಕು ಸಲ ತೋರಿಸಿದರು. ಸಾಫ್ಟ್‌ವೇರ್ ನಾಲ್ಕಕ್ಕೂ ಹಸಿರು ಚೌಕ ಹಾಕಿ ಪೂರ್ತಿ ಬೆಲೆ ಕೊಟ್ಟಿತ್ತು. ಹಿಂದೆ ಅಂಥವನ್ನು ಎಷ್ಟು ಸಲ ಸುಮ್ನೆ ಒಪ್ಪಿ ಮುಂದೆ ಹೋಗಿದ್ದೇನೋ. ಆ ದಿನ ಕೈ ಓಡಲಿಲ್ಲ. ಮೇಡಂನ ಕರೆದು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, “ಕಂಡಿದ್ದು ನಿಜ, ಅಳಿಸಬೇಡ. ಬೆಲೆಯ ಲೆಕ್ಕದಿಂದ ತೆಗೆದು ಬೇರೆ ಹಾಳೆಗೆ ಹಾಕು, ಯಾಕೆ ಅಂತ ಒಂದು ಸಾಲು ಬರಿ” ಅಂದರು. ಈಗ ನಮ್ಮಲ್ಲಿ ಬಿದ್ದವರ ಸೆಕೆಂಡುಗಳಿಗೆ ಬೇರೆ ಹಾಳೆ ಇದೆ. ಹೊಸದಾಗಿ ಸೇರಿದವರಿಗೆ ನಾನು ಮೊದಲು ತೋರಿಸುವುದು ಅದನ್ನೇ.

ಕ್ಲೈಂಟ್‌ಗೆ ಎರಡನೇ ಸಲ ಕಳಿಸಿದ್ದು ಅಂಕದ ಪಟ್ಟಿ ಅಲ್ಲ. ಹನ್ನೆರಡು ಸವಾರರು, ಒಬ್ಬೊಬ್ಬರಿಗೂ ಅರ್ಧ ಪುಟ: ಯಾವ ಕಾಲ, ಯಾರ ದುಡ್ಡು, ವರ್ಷಕ್ಕೆ ಎಷ್ಟು ದಿನ ತುಳಿದರು, ಯಾವ ಬಾಗಿಲು ಅವರಿಗೆ ಮುಚ್ಚಿತ್ತು. ಕೊಪ್ಪಿ ಪುಟದಲ್ಲಿ ಎರಡನೇ ಮಹಾಯುದ್ಧ ನುಂಗಿದ ವರ್ಷಗಳನ್ನು ಬರೆದೆ. ಬೆರಿಲ್ ಪುಟದಲ್ಲಿ ಸ್ಪಾನ್ಸರ್ ಅನ್ನುವ ಜಾಗದಲ್ಲಿ ರೂಬಾರ್ಬ್ ತೋಟದ ಕೂಲಿ ಅಂತ ಬರೆದೆ. ಯಾರು ದೊಡ್ಡವರು ಅಂತ ನನ್ನನ್ನು ಕೇಳಿದರೆ ಈಗಲೂ ಮರ್ಕ್ಸ್ ಅನ್ನುತ್ತೇನೆ. 1972ರಲ್ಲಿ ಜೀರೊ, ಟೂರ್ ಎರಡೂ ಗೆದ್ದು, ವರ್ಷವಿಡೀ ತುಳಿದು, ಅಕ್ಟೋಬರಿನಲ್ಲಿ ಮೆಕ್ಸಿಕೊಗೆ ಹೋಗಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ತುಳಿದವರ ಹಸಿವು ನನಗೆ ಬೇರೆ ಯಾರಲ್ಲೂ ಕಂಡಿಲ್ಲ. ಆದರೆ ಅದು ನನ್ನ ಅಭಿಪ್ರಾಯ ಅಂತ ಹೇಳಿ ಹೇಳುತ್ತೇನೆ. ಎಕ್ಸೆಲ್ ಹೇಳಿತು ಅಂತ ಹೇಳುವುದಿಲ್ಲ.

ಮೂರು ವಾರ ಬಿಟ್ಟು ಇಂಗ್ಲೆಂಡಿನಿಂದ ಆಫೀಸಿಗೆ ಒಂದು ಪಾರ್ಸೆಲ್ ಬಂತು. ಒಳಗೆ ಕಪ್ಪು, ಗುಲಾಬಿ, ಹಳದಿ ಪದರಗಳ ಮಿಠಾಯಿ, ಅದೇ ಜೇಷ್ಠಮಧುವಿನದು. ಜೊತೆಗೆ ಆ ಮೇಡಂ ಕೈಬರಹದ ಚೀಟಿ, ಟೀಮಿನ ಎಲ್ಲರಿಗೂ ಅಂತ. ಪಕ್ಕದ ಸೀಟಿನವನು ಒಂದು ಬಾಯಿಗೆ ಹಾಕಿಕೊಂಡು, ಕೆಮ್ಮಿನ ಔಷಧಿ ಥರ ಇದೆ ಕಣೋ ಅಂದ. ನಾನು ಎರಡು ತಿಂದೆ. ಆಮೇಲೆ ಅವನು 2025ರ ಇಟಲಿಯ ಲೊಂಬಾರ್ದಿಯಾ ರೇಸಿನ ವಿಷಯ ತೆಗೆದ, ಪೊಗಾಚಾರ್ ಸತತ ಐದನೇ ಸಲ ಗೆದ್ದಿದ್ದು. ಊಟದ ಹೊತ್ತು ಮುಗಿಯುವವರೆಗೂ ಅದೇ ನಡೆಯಿತು.