ಏಡಾ ಅವರ 25 ಹೆಜ್ಜೆ, ಪೈತಾನ್‌ನಲ್ಲಿ

ಮೊದಲ ವಾರ

ಏಡಾ ಲವ್‌ಲೇಸ್ 1843ರಲ್ಲಿ ಪ್ರಕಟಿಸಿದ ಕೋಷ್ಟಕವನ್ನು ಸಾಲು ಸಾಲಾಗಿ ಪ್ರೋಗ್ರಾಮಿಂಗ್ ಭಾಷೆಯಾದ ಪೈತಾನ್‌ಗೆ ಇಳಿಸಲು ಕೂತಿದ್ದೇನೆ. ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಯೋಜಿಸಿದ್ದ ಅನಲಿಟಿಕಲ್ ಎಂಜಿನ್ ಎಂಬ ಲೆಕ್ಕದ ಯಂತ್ರದ ಬಗ್ಗೆ ಇಟಲಿಯ ಎಂಜಿನಿಯರ್ ಮೆನಾಬ್ರೆಯಾ ಫ್ರೆಂಚಿನಲ್ಲಿ ಒಂದು ಲೇಖನ ಬರೆದಿದ್ದರು. ಏಡಾ ಅದನ್ನು ಇಂಗ್ಲಿಷಿಗೆ ತಂದು, ಜೊತೆಗೆ ಏಳು ಟಿಪ್ಪಣಿ ಸೇರಿಸಿದರು. ಟಿಪ್ಪಣಿಗಳೇ ಲೇಖನದ ಸುಮಾರು ಮೂರು ಪಟ್ಟು ಇವೆ! ಆಗ ಅವರಿಗೆ 27 ವರ್ಷ, ಮೂರು ಮಕ್ಕಳು. ಸಹಿ ಮಾಡಿದ್ದು ಬರೀ ಎ.ಎ.ಎಲ್. ಅಂತ.

ಕೋಷ್ಟಕ ಇರುವುದು ಕೊನೆಯ ಟಿಪ್ಪಣಿಯಲ್ಲಿ. ಬರ್ನೂಲಿ ಸಂಖ್ಯೆಗಳನ್ನು (ಗಣಿತದಲ್ಲಿ ಪದೇ ಪದೇ ಎದುರಾಗುವ ಭಿನ್ನರಾಶಿಗಳ ಒಂದು ಸರಣಿ) ಯಂತ್ರ ಹೇಗೆ ಲೆಕ್ಕ ಹಾಕಬೇಕು ಅನ್ನುವುದಕ್ಕೆ 25 ಹೆಜ್ಜೆ. ಆ ಯಂತ್ರವನ್ನು ಯಾರೂ ಕಟ್ಟಿರಲಿಲ್ಲ. ಓಡಿಸಿ ನೋಡುವ ದಾರಿಯೇ ಇಲ್ಲದೆ ಬರೆದದ್ದು ಇದು.

ಎರಡನೇ ವಾರ

ಯಂತ್ರದಲ್ಲಿ ಒಂದೊಂದು ಸಂಖ್ಯೆಗೆ ಚಕ್ರಗಳ ಒಂದೊಂದು ಕಂಬ. ನನ್ನಲ್ಲಿ ಆ ಕಂಬಗಳು ಒಂದು ಲಿಸ್ಟ್. ದಶಮಾಂಶ ಬೇಡ ಅಂತ ಎಲ್ಲವನ್ನೂ ಭಿನ್ನರಾಶಿಯಲ್ಲೇ ಇಟ್ಟೆ. 13ರಿಂದ 23ರವರೆಗಿನ ಹೆಜ್ಜೆಗಳನ್ನು ಅವರು ಒಂದೇ ಸಲ ಬರೆದು, ಕೆಳಗೆ 'ಇವನ್ನೇ ಮತ್ತೆ ಮಾಡಿ' ಅನ್ನುತ್ತಾರೆ. ನಾವು ಈಗ ಲೂಪ್ ಅನ್ನುವುದು ಇದನ್ನೇ ಅಲ್ವಾ? ಆ ಸಾಲು ಟೈಪ್ ಮಾಡುವಾಗ ಮೈ ಜುಮ್ಮೆಂದಿತು.

ಮೂರನೇ ವಾರ

ಓಡಿಸಿದೆ. 13ನೇ ಕಂಬದ ಮೊತ್ತ 1/30 ಬರಬೇಕಿತ್ತು. ಬಂದದ್ದು -139/630. ಎರಡು ಸಂಜೆ ನನ್ನ ಕೋಡನ್ನೇ ತಡಕಾಡಿದೆ. ಕೊನೆಗೆ ಪ್ರತಿ ಹೆಜ್ಜೆಯನ್ನೂ ಕೈಯಲ್ಲಿ ಮಾಡಿ ನೋಡಿದಾಗ ನಾಲ್ಕನೇ ಹೆಜ್ಜೆಯಲ್ಲಿ ಸಿಕ್ಕಿತು. 4ನೇ ಕಂಬದಲ್ಲಿರುವ 7ನ್ನು 5ನೆಯದರಲ್ಲಿರುವ 9ರಿಂದ ಭಾಗಿಸಬೇಕು, ಅಂದರೆ 7/9. ಅಚ್ಚಾದದ್ದರಲ್ಲಿ ಅದು ತಿರುಗುಮುರುಗಾಗಿ 9/7 ಆಗುತ್ತದೆ. ಆದರೆ ಅದೇ ಸಾಲಿನ ಕೊನೆಯಲ್ಲಿ ಬರೆದಿರುವ ಫಲಿತಾಂಶದ ಸೂತ್ರ ಸರಿಯಾಗಿಯೇ ಇದೆ! ಗಣಿತ ತಪ್ಪಿಲ್ಲ, ಎರಡು ಅಂಕಿಗಳ ಜಾಗ ಅದಲುಬದಲಾಗಿದೆ ಅಷ್ಟೇ.

ಇದರಿಂದ ಏಡಾ ಮೇಲಿನ ಗೌರವ ನನಗೆ ಚೂರೂ ಕಡಿಮೆಯಾಗಲಿಲ್ಲ. ಇದೇ ಲೆಕ್ಕದ ಬೀಜಗಣಿತವನ್ನು ತಾನು ಮಾಡಿಕೊಟ್ಟಾಗ ಅದರಲ್ಲಿ ದೊಡ್ಡ ತಪ್ಪೊಂದನ್ನು ಅವರೇ ಹಿಡಿದು ವಾಪಸ್ ಕಳಿಸಿದರು ಅಂತ ಬ್ಯಾಬೇಜ್ 1864ರ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದನ್ನು ಓದಲು ಏಡಾ ಇರಲಿಲ್ಲ. 1852ರಲ್ಲಿ, 36ನೇ ವಯಸ್ಸಿಗೇ ತೀರಿಕೊಂಡಿದ್ದರು.

ಈ ವಾರ

ನಾಲ್ಕನೇ ಹೆಜ್ಜೆ ಸರಿಪಡಿಸಿದೆ. 1/30 ಬಂತು. ಸಮೀಕರಣದ ಆಚೆ ಬದಿಗೆ ಹೋದಾಗ ಚಿಹ್ನೆ ಬದಲಾಗಿ -1/30. ಏಡಾ ಬಿ7 ಅಂತ ಕರೆದ ಬರ್ನೂಲಿ ಸಂಖ್ಯೆ ಇದೇ. 25ನೇ ಹೆಜ್ಜೆ ಎಣಿಕೆಗೆ ಒಂದು ಕೂಡಿಸಿ, ಮತ್ತೆ ಮೊದಲಿಗೆ ಹೋಗಲು ಯಂತ್ರವನ್ನು ಅಣಿ ಮಾಡುತ್ತದೆ. ಹಾಗೇ ಬಿಟ್ಟೆ, ಲೂಪ್ ಈ ಸಲ ಇನ್ನೊಂದು ಸುತ್ತು ಜಾಸ್ತಿ ಓಡಿತು. ಪರದೆಯ ಮೇಲೆ 5/66. ಮುಂದಿನ ಸಂಖ್ಯೆಯೂ ಸರಿ ಬಂತು.